ಬಿತ್ತುವ ಮುಂಚೆ ನಮಗೆ ಹೇಳಿ: ಕೇಂದ್ರ ಕೃಷಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಕೃಷಿ ಮತ್ತು ರೈತರ ಕಲ್ಯಾಣ ಸಚಿವರಿಗೆ,

ಕಲಬುರಗಿ ಜಿಲ್ಲೆಯ ತೊಗರಿ ಬೆಳೆಗಾರನೊಬ್ಬನ ನಮಸ್ಕಾರಗಳು.

ಸುತ್ತಿಬಳಸದೆ ವಿಷಯಕ್ಕೆ ಬರುತ್ತೇನೆ. ಯಾವುದೇ ಬೆಳೆಯ ಆಮದು, ರಫ್ತು, ಸುಂಕದ ಬಗ್ಗೆ ಕೇಂದ್ರ ಸರ್ಕಾರ ತೀರ್ಮಾನ ಮಾಡುವಾಗ ತಮ್ಮ ಸಚಿವಾಲಯ ಏನು ಅಭಿಪ್ರಾಯ ಕೊಟ್ಟಿತು ಎನ್ನುವುದು ನಮಗೆ ಗೊತ್ತಾಗಬೇಕು. ಅದು ಬರಹದಲ್ಲಿ ಇರಬೇಕು. ಎಲ್ಲರೂ ಓದುವ ಹಾಗೆ ಇರಬೇಕು. ಎಲ್ಲಕ್ಕಿಂತ ಜಾಸ್ತಿ, ನಾವು ಬೀಜ ಭೂಮಿಗೆ ಹಾಕುವ ಮುಂಚೆ ಬರಬೇಕು. ಇದೊಂದನ್ನೇ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಇದಕ್ಕೆ ಹೊಸ ಕಾಯ್ದೆ ಬೇಡ, ಬಜೆಟ್ಟಿನಲ್ಲಿ ಹೊಸ ದುಡ್ಡೂ ಬೇಡ.

ಇಷ್ಟು ಸಣ್ಣ ಬೇಡಿಕೆಗೆ ಇಷ್ಟು ಉದ್ದದ ಪತ್ರ ಯಾಕೆ ಎಂದು ತಮಗೆ ಅನಿಸಬಹುದು. ತಾವು ಕೂತಿರುವ ಕುರ್ಚಿಗೆ ನೂರೈವತ್ತು ವರ್ಷದ ಚರಿತ್ರೆ ಇದೆ. ಆ ಚರಿತ್ರೆ ನೋಡಿದರೆ ನಮ್ಮ ಬೇಡಿಕೆ ಎಲ್ಲಿಂದ ಹುಟ್ಟಿತು ಎನ್ನುವುದು ತಾನಾಗೇ ತಿಳಿಯುತ್ತದೆ.

ಈ ದೇಶದಲ್ಲಿ ಕೃಷಿಗೆ ಅಂತ ಕೇಂದ್ರದಲ್ಲಿ ಒಂದು ಇಲಾಖೆ ಹುಟ್ಟಿದ್ದು 1871ರಲ್ಲಿ. 1866ರ ಒಡಿಶಾ ಬರದಲ್ಲಿ ಲಕ್ಷಗಟ್ಟಲೆ ಜನ ಸತ್ತಿದ್ದರು. ಇತ್ತ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಒಳ್ಳೆಯ ಹತ್ತಿ ಬೇಕಿತ್ತು. ಹಸಿವು ಒಂದು ಕಡೆ, ಹತ್ತಿ ಇನ್ನೊಂದು ಕಡೆ, ಎರಡೂ ಸೇರಿ ಒತ್ತಿದ್ದಕ್ಕೆ ಬ್ರಿಟಿಷ್ ಸರ್ಕಾರ ಬೇಸಾಯದ ಕಡೆ ತಿರುಗಿ ನೋಡಿತು. ಆಗಿನ ವೈಸರಾಯ್ ಲಾರ್ಡ್ ಮೇಯೋ ಐರ್ಲೆಂಡಿನಲ್ಲಿ ಸ್ವತಃ ಬೇಸಾಯ ಕಂಡಿದ್ದವರು. ಅವರು ಬಯಸಿದ್ದು ಬೇಸಾಯವನ್ನೇ ಮುಖ್ಯವಾಗಿ ನೋಡುವ ಒಂದು ಇಲಾಖೆ. ಬಂದದ್ದು ಕಂದಾಯ, ಕೃಷಿ ಮತ್ತು ವಾಣಿಜ್ಯ ಇಲಾಖೆ. ಮೂರು ಹೆಸರಲ್ಲಿ ಮೊದಲು ಬಂದದ್ದು ಕಂದಾಯ. ಕೆಲಸದಲ್ಲೂ ಅದೇ ಮೊದಲು. ಮುಂದೆ ಕಾಂಗ್ರೆಸ್ ಕಟ್ಟುವಲ್ಲಿ ಮುಂದಾದ ಎ.ಒ. ಹ್ಯೂಮ್ ಈ ಇಲಾಖೆಯ ಕಾರ್ಯದರ್ಶಿಯಾಗಿದ್ದರು. ಬೇಸಾಯದ ಕೆಲಸಕ್ಕೆ ಕೈ ಹಾಕಲು ಬಿಡುವೇ ಇಲ್ಲ ಎನ್ನುವುದು ಅವರ ಕೊರಗು. ಮೇಯೋ 1872ರಲ್ಲಿ ಅಂಡಮಾನಿನಲ್ಲಿ ಕೊಲೆಯಾದರು. ಇಲಾಖೆಯನ್ನು 1879ರಲ್ಲಿ ಮುಚ್ಚಿಯೇ ಬಿಟ್ಟರು.

ಮುಚ್ಚಿದ ಹೊತ್ತನ್ನು ಗಮನಿಸಿ. 1876ರಿಂದ 78ರವರೆಗೆ ದಕ್ಷಿಣದಲ್ಲಿ ಭಾರೀ ಬರ. ನಮ್ಮ ಹಿರಿಯರು ಧಾತು ಈಶ್ವರ ಬರ ಎನ್ನುತ್ತಿದ್ದದ್ದು ಇದನ್ನೇ. ಆಗಿನ ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಗೆ 50 ಲಕ್ಷ ಇದ್ದ ಜನ 1881ರ ಗಣತಿಗೆ 42 ಲಕ್ಷಕ್ಕೆ ಇಳಿದಿದ್ದರು. ಹತ್ತು ವರ್ಷದಲ್ಲಿ ಹುಟ್ಟಿದವರನ್ನೂ ಸೇರಿಸಿಕೊಂಡು ಈ ಲೆಕ್ಕ. ಇಷ್ಟೆಲ್ಲ ಆಗುತ್ತಿದ್ದಾಗಲೂ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ವ್ಯಾಪಾರಕ್ಕೆ ಅಡ್ಡ ಬರಬಾರದು ಎನ್ನುವುದು ಸರ್ಕಾರದ ಹಟ. ಕೃಷಿಯೂ ವಾಣಿಜ್ಯವೂ ಒಂದೇ ಇಲಾಖೆಯ ಹೆಸರಲ್ಲಿ ಇದ್ದವು. ಆದರೆ ಒಂದರ ಮಾತು ನಡೆಯಿತು, ಇನ್ನೊಂದರದ್ದು ನಡೆಯಲಿಲ್ಲ. ಆಮೇಲೆ ಬರ ಆಯೋಗ 1880ರಲ್ಲಿ ಕೃಷಿ ಇಲಾಖೆ ಬೇಕೇ ಬೇಕು ಎಂದು ವರದಿ ಕೊಟ್ಟಿತು. 1881ರಲ್ಲಿ ಇಲಾಖೆ ಮತ್ತೆ ಬಂತು. ಈ ಸಲ ಕಂದಾಯ ಮತ್ತು ಕೃಷಿ ಇಲಾಖೆ. ಮೊದಲ ಹೆಸರು ಮತ್ತೆ ಕಂದಾಯದ್ದೇ.

ಇದನ್ನು ಯಾರನ್ನೂ ದೂರಲು ಹೇಳುತ್ತಿಲ್ಲ ಸ್ವಾಮಿ. ದೊರೆಗಳು ಬದಲಾದರು, ದೇಶ ನಮ್ಮದಾಯಿತು. ಆದರೆ ರೈತನ ಗಳಿಕೆ ನಿಂತಿರುವ ತೀರ್ಮಾನ ಒಂದು ಕಡೆ, ಕೃಷಿ ಇಲಾಖೆ ಇನ್ನೊಂದು ಕಡೆ ಇರುವುದು ಅವತ್ತಿನಿಂದ ನಡೆದುಬಂದ ರೂಢಿ. ಇವತ್ತಿಗೂ ಅದು ಪೂರ್ತಿ ಹೋಗಿಲ್ಲ.

ಆ ಕಾಲದಲ್ಲಿ ಒಳ್ಳೆಯದೂ ಆಗಿದೆ, ಅದನ್ನೂ ಹೇಳಬೇಕು. ಜಾನ್ ವೋಲ್ಕರ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ 1889ರಿಂದ ದೇಶ ಸುತ್ತಿ, ಭಾರತದ ರೈತನಿಗೆ ಬೇಸಾಯ ಗೊತ್ತಿಲ್ಲ ಎನ್ನುವ ಮಾತು ಸುಳ್ಳು ಎಂದು ವರದಿ ಬರೆದರು. ಕೆಲವು ವಿಷಯದಲ್ಲಿ ನಮ್ಮವರೇ ಬ್ರಿಟಿಷ್ ರೈತರಿಗಿಂತ ಮೇಲು, ಅವರಿಗೆ ಇಲ್ಲದ್ದು ನೀರು, ಗೊಬ್ಬರ, ಸವಲತ್ತು ಎಂದರು. 1905ರಲ್ಲಿ ಬಿಹಾರದ ಪೂಸಾದಲ್ಲಿ ಸಂಶೋಧನಾ ಸಂಸ್ಥೆ ಶುರುವಾಯಿತು. 1934ರ ಭೂಕಂಪದಲ್ಲಿ ಕಟ್ಟಡ ಬಿದ್ದ ಮೇಲೆ ಅದು ದೆಹಲಿಗೆ ಬಂತು, ಹೆಸರು ಪೂಸಾ ಎಂದೇ ಉಳಿಯಿತು. 1929ರಲ್ಲಿ ಇವತ್ತಿನ ಐಸಿಎಆರ್, ಅಂದರೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಹುಟ್ಟಿತು. ನಮ್ಮ ಮೈಸೂರು ಸಂಸ್ಥಾನವಂತೂ ದೆಹಲಿಗೆ ಕಾಯಲೇ ಇಲ್ಲ. ಹೆಬ್ಬಾಳದಲ್ಲಿ ಆಗಲೇ ಪ್ರಯೋಗದ ಹೊಲ ಇತ್ತು. 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ತೋಟಗಳಿಗೆ ಹೋಗಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕ್ರಮ ರೂಢಿಗೆ ತಂದರು. ಇವತ್ತಿಗೂ ಮಳೆಗಾಲ ಬಂತೆಂದರೆ ಅಡಿಕೆ ಬೆಳೆಗಾರರು ಮೈಲುತುತ್ತ, ಸುಣ್ಣ ಕಲಸುತ್ತಾರೆ. ಸರ್ಕಾರದ ಕೃಷಿ ಇಲಾಖೆಯೊಂದು ತೋಟಕ್ಕೆ ಇಳಿದು ಕೆಲಸ ಮಾಡಿದರೆ ಆ ಕೆಲಸ ನೂರು ವರ್ಷ ಬಾಳುತ್ತದೆ.

1919ರ ಕಾಯ್ದೆಯಲ್ಲಿ ಕೃಷಿಯನ್ನು ಪ್ರಾಂತಗಳಿಗೆ ಬಿಟ್ಟರು. ಸಂವಿಧಾನವೂ ಕೃಷಿಯನ್ನು ರಾಜ್ಯಪಟ್ಟಿಯಲ್ಲೇ ಇಟ್ಟಿತು. ಅದು ಸರಿಯಾದದ್ದೇ. ಕಲಬುರಗಿಯ ಎರೆಹೊಲಕ್ಕೂ ಕೊಡಗಿನ ಗದ್ದೆಗೂ ದೆಹಲಿಯಲ್ಲಿ ಕೂತು ಒಂದೇ ನಿಯಮ ಮಾಡಲು ಆಗುವುದಿಲ್ಲ, ಅಲ್ವಾ? ಹಾಗಾದರೆ ದೆಹಲಿಯ ಕೃಷಿ ಸಚಿವಾಲಯದ ಕೆಲಸ ಏನು? ರಾಜ್ಯಗಳಿಂದ ಆಗದ್ದನ್ನು ಮಾಡುವುದು. ದೊಡ್ಡ ಸಂಶೋಧನೆ, ಬೀಜ, ಬೆಲೆ, ಮತ್ತೆ ದೇಶದ ಗಡಿಯಲ್ಲಿ ಏನು ಒಳಗೆ ಬರುತ್ತದೆ, ಏನು ಹೊರಗೆ ಹೋಗುತ್ತದೆ ಎನ್ನುವುದು. ಕೊನೆಯದನ್ನು ಯಾವ ರಾಜ್ಯವೂ ಮಾಡಲಾರದು.

ಈ ಕೆಲಸ ಸರಿಯಾಗಿ ನಡೆದ ಒಂದು ಕಾಲ ಇತ್ತು. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸಿ. ಸುಬ್ರಮಣಿಯಂ ಅವರನ್ನು ಆಹಾರ ಮತ್ತು ಕೃಷಿ ಸಚಿವರನ್ನಾಗಿ ಮಾಡಿದರು. ಆಗ ಎರಡೂ ಒಂದೇ ಸಚಿವಾಲಯ. ಅಮೆರಿಕದಿಂದ ಪಿಎಲ್-480 ಒಪ್ಪಂದದ ಗೋಧಿ ಬಂದರೆ ಊಟ ಎನ್ನುವ ಸ್ಥಿತಿ. 1965ರಲ್ಲಿ ಮಳೆ ಕೈಕೊಟ್ಟು 1966ರಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಹೊರಗಿಂದ ತರಬೇಕಾಯಿತು. ಸುಬ್ರಮಣಿಯಂ ಹಿಡಿದ ದಾರಿ ಸರಳವಾಗಿತ್ತು. ರೈತನಿಗೆ ಲಾಭ ಬರುವ ಬೆಲೆ ಸಿಗುತ್ತದೆ ಎಂದು ಮೊದಲೇ ಗೊತ್ತಾದರೆ ಅವನು ಹೊಸ ಬೀಜ ಹಾಕುತ್ತಾನೆ, ಗೊಬ್ಬರಕ್ಕೆ ದುಡ್ಡು ಹಾಕುತ್ತಾನೆ. ಹಾಗಾಗಿ 1965ರ ಜನವರಿಯಲ್ಲೇ ಕೃಷಿ ಬೆಲೆಗಳ ಆಯೋಗ ಬಂತು. ಅದೇ ವರ್ಷ ಭಾರತ ಆಹಾರ ನಿಗಮವೂ ಬಂತು. ಒಂದು ಬೆಲೆ ಹೇಳುವುದಕ್ಕೆ, ಇನ್ನೊಂದು ಆ ಬೆಲೆಗೆ ಕೊಳ್ಳುವುದಕ್ಕೆ. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗೋಧಿ ಬೀಜ ತಂದರು. ಅಷ್ಟು ಬೀಜವನ್ನು ಒಂದೇ ಸಲ ಹೊರಗಿಂದ ತರುವುದು ಆ ಕಾಲಕ್ಕೆ ದೊಡ್ಡ ಧೈರ್ಯ. ಹಣಕಾಸು ಸಚಿವಾಲಯ, ಯೋಜನಾ ಆಯೋಗ, ಸಂಸತ್ತಿನ ಎಡಪಕ್ಷಗಳು, ಸ್ವಂತ ಪಕ್ಷದವರು, ಎಲ್ಲ ಕಡೆಯಿಂದ ವಿರೋಧ ಬಂತು. ಸುಬ್ರಮಣಿಯಂ ದೆಹಲಿಯ ತಮ್ಮ ಸರ್ಕಾರಿ ಬಂಗಲೆಯ ಹುಲ್ಲುಹಾಸನ್ನೇ ಉತ್ತು ಹೊಸ ಗೋಧಿ ಬಿತ್ತಿಸಿದರು. ಬಂದವರೆಲ್ಲ ಕಣ್ಣಾರೆ ನೋಡಲಿ ಅಂತ.

ಕೃಷಿ ವಿಜ್ಞಾನಿಗಳಾದ ಎಂ.ಎಸ್. ಸ್ವಾಮಿನಾಥನ್, ನಾರ್ಮನ್ ಬೋರ್ಲಾಗ್, ಕೃಷಿ ಕಾರ್ಯದರ್ಶಿ ಬಿ. ಶಿವರಾಮನ್ ಎಲ್ಲರ ಶ್ರಮ ಇದರಲ್ಲಿದೆ. ಗೋಧಿ ಬೆಳೆ 1964-65ರಲ್ಲಿ 1.2 ಕೋಟಿ ಟನ್ ಇದ್ದದ್ದು 1967-68ರಲ್ಲಿ 1.6 ಕೋಟಿ ಟನ್ ದಾಟಿತು. ಆ ಹೊತ್ತಿಗೆ ಸುಬ್ರಮಣಿಯಂ 1967ರ ಚುನಾವಣೆಯಲ್ಲಿ ಸೋತು ಸಚಿವ ಸ್ಥಾನ ಬಿಟ್ಟಾಗಿತ್ತು. ತಾವು ಮಾಡಿದ ಕೆಲಸದ ಫಸಲು ಬರುವಾಗ ಅವರು ಆ ಕುರ್ಚಿಯಲ್ಲಿ ಇರಲಿಲ್ಲ. ಇದನ್ನು ಓದುವಾಗಲೆಲ್ಲ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ.

ಅಲ್ಲಿ ಬೀಜ, ಬೆಲೆ, ಖರೀದಿ, ಆಮದು ಇವೆಲ್ಲದರ ಮಾತು ಒಬ್ಬರೇ ಸಚಿವರ ಮೇಜಿನ ಮೇಲೆ ನಡೆಯುತ್ತಿತ್ತು. ಎಷ್ಟು ಗೋಧಿ ಹೊರಗಿಂದ ಬರುತ್ತದೆ ಎನ್ನುವುದೂ, ಪಂಜಾಬಿನ ರೈತನಿಗೆ ಎಷ್ಟು ಬೆಲೆ ಕೊಡಬೇಕು ಎನ್ನುವುದೂ ಒಬ್ಬರಿಗೇ ಗೊತ್ತಿರುತ್ತಿತ್ತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಳ್ಳುವ ಪ್ರಮೇಯ ಕಡಿಮೆ ಇತ್ತು.

ಆ ಕ್ರಾಂತಿ ನಮ್ಮ ಕಡೆ ಬರಲಿಲ್ಲ ಎನ್ನುವುದೂ ನಿಜ. ಅದು ನೀರಾವರಿಯ ಗೋಧಿ, ಭತ್ತದ ಕ್ರಾಂತಿ. ಬೇಳೆಕಾಳು ಬೆಳೆಯುವ ಒಣಭೂಮಿ ಹಿಂದೆ ಉಳಿಯಿತು. ನೀರು ಇದ್ದ ಕಡೆ ರೈತರು ಕಡಲೆ ಬಿಟ್ಟು ಗೋಧಿಗೆ ಹೋದರು. 1961ರಲ್ಲಿ ದೇಶದ ಒಬ್ಬೊಬ್ಬರಿಗೆ ದಿನಕ್ಕೆ 69 ಗ್ರಾಂ ಬೇಳೆಕಾಳು ಲೆಕ್ಕಕ್ಕೆ ಸಿಗುತ್ತಿತ್ತು. 2000ದ ಹೊತ್ತಿಗೆ ಅದು 32 ಗ್ರಾಮಿಗೆ ಇಳಿಯಿತು. ಬಡವರ ತಟ್ಟೆಯಲ್ಲಿ ಬೇಳೆ ತೆಳ್ಳಗಾದದ್ದಕ್ಕೆ ಇದೂ ಕಾರಣ. ನಮಗೆ ಸಿಕ್ಕ ದೊಡ್ಡ ಉಪಕಾರ ಎಂದರೆ 1980ರ ದಶಕದಲ್ಲಿ ಬಂದ ಮಾರುತಿ ತಳಿ. ನೆಟೆ ರೋಗ ತಡೆಯುವ ತೊಗರಿ ಅದು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳು ಆ ಒಂದು ಬೀಜದಿಂದ ಉಸಿರಾಡಿವೆ.

ಈಗ ತಮ್ಮ ಸಚಿವಾಲಯದ ಇವತ್ತಿನ ಆಕಾರ ನೋಡೋಣ. ಆಹಾರ ಬೇರೆ ಸಚಿವಾಲಯಕ್ಕೆ ಹೋಗಿ ಬಹಳ ಕಾಲ ಆಯಿತು. ಗೊಬ್ಬರ ರಾಸಾಯನಿಕ ಮತ್ತು ರಸಗೊಬ್ಬರ ಸಚಿವಾಲಯದಲ್ಲಿದೆ. ನೀರು ಜಲಶಕ್ತಿಯಲ್ಲಿದೆ. ಕಾಫಿ, ಚಹಾ, ರಬ್ಬರ್, ಸಾಂಬಾರ ಪದಾರ್ಥ ವಾಣಿಜ್ಯದಲ್ಲಿವೆ. ಹತ್ತಿ ಖರೀದಿಯೂ ರೇಷ್ಮೆಯೂ ಜವಳಿಯಲ್ಲಿವೆ. 2019ರಲ್ಲಿ ಪಶುಸಂಗೋಪನೆ, ಮೀನುಗಾರಿಕೆ ಬೇರೆಯಾದವು. 2021ರಲ್ಲಿ ಸಹಕಾರವೂ ಹೋಯಿತು. ನಮ್ಮ ಮನೆಯಲ್ಲಿ ಮಾತ್ರ ಎತ್ತು, ಎಮ್ಮೆ, ತೊಗರಿ, ಸೊಸೈಟಿ ಸಾಲ, ಯೂರಿಯಾ ಚೀಲ, ಬೋರ್‌ವೆಲ್ಲಿನ ನೀರು ಎಲ್ಲ ಒಂದೇ ಸಂಸಾರ.

ದುಡ್ಡಿನ ಲೆಕ್ಕವೂ ಹೀಗೇ. 2025-26ರ ಬಜೆಟ್ಟಿನಲ್ಲಿ ತಮ್ಮ ಸಚಿವಾಲಯಕ್ಕೆ ಇಟ್ಟದ್ದು ಸುಮಾರು 1.37 ಲಕ್ಷ ಕೋಟಿ ರೂಪಾಯಿ. ಗೊಬ್ಬರದ ಸಬ್ಸಿಡಿ ಒಂದೇ ಅದಕ್ಕಿಂತ ಜಾಸ್ತಿ, ಅದು ಬೇರೆಯವರ ಕೈಯಲ್ಲಿ. ತಮ್ಮ 1.37 ಲಕ್ಷ ಕೋಟಿಯಲ್ಲೂ ಸಿಂಹಪಾಲು ಪಿಎಂ-ಕಿಸಾನ್ ಕಂತು, ಸಾಲದ ಬಡ್ಡಿ, ಬೆಳೆವಿಮೆಗೆ ಹೋಗುತ್ತದೆ. ವರ್ಷಕ್ಕೆ 6,000 ರೂಪಾಯಿ ನಮಗೂ ಬರುತ್ತದೆ, ಅದು ಬೀಜದ ಹೊತ್ತಿಗೆ ಬಂದರೆ ಕೈಗೆ ಆಸರೆಯೇ. ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಎಕರೆಗೆ ನಾಲ್ಕು ಕ್ವಿಂಟಾಲ್ ತೊಗರಿ ಬೆಳೆಯುವ ಮನೆಗೆ ಕ್ವಿಂಟಾಲಿಗೆ ಸಾವಿರ ರೂಪಾಯಿ ದರ ಬಿದ್ದರೆ, ಎರಡೇ ಎಕರೆಯಲ್ಲಿ 8,000 ಹೋಯಿತು. ವರ್ಷದ ಮೂರೂ ಕಂತಿಗಿಂತ ಜಾಸ್ತಿ.

ಆ ದರ ಯಾಕೆ ಬೀಳುತ್ತದೆ ಎನ್ನುವುದಕ್ಕೆ ಬರುತ್ತೇನೆ. ನಾನು ಕಂಡದ್ದನ್ನೇ ಹೇಳುತ್ತೇನೆ.

2015ರ ಕೊನೆಯಲ್ಲಿ ಪೇಟೆಯಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಊರೂರಲ್ಲಿ ಗಲಾಟೆ. ಸರ್ಕಾರ ನಮಗೆ ಬೇಳೆಕಾಳು ಬೆಳೆಯಿರಿ ಎಂದು ಕರೆ ಕೊಟ್ಟಿತು. 2016ರ ಮುಂಗಾರಿಗೆ ಬೋನಸ್ ಸೇರಿ 5,050 ರೂಪಾಯಿ ಬೆಂಬಲ ಬೆಲೆ ಹೇಳಿತು. ಅದೇ ಜುಲೈಯಲ್ಲಿ ಮೊಜಾಂಬಿಕ್ ದೇಶದ ಜೊತೆ ಐದು ವರ್ಷ ತೊಗರಿ ತರುವ ಒಪ್ಪಂದವೂ ಆಯಿತು. ನಾವು ಮೊದಲನೆಯ ಮಾತನ್ನು ಕೇಳಿದ್ದೆವು. ಎರಡನೆಯದು ನಮ್ಮ ಊರಿಗೆ ಬಂದು ಮುಟ್ಟುವ ಹೊತ್ತಿಗೆ ಬಿತ್ತನೆ ಮುಗಿದಿತ್ತು.

ತೊಗರಿ ಬೆಳೆಯುವುದೆಂದರೆ ಏನು ಎಂದು ಒಂದೆರಡು ಮಾತು. ಜೂನ್, ಜುಲೈಯಲ್ಲಿ ಬಿತ್ತಿದರೆ ಡಿಸೆಂಬರ್, ಜನವರಿಯವರೆಗೆ ಹೊಲ ಅದಕ್ಕೇ ಮೀಸಲು. ಆರು ತಿಂಗಳು ಬೇರೆ ಆದಾಯ ಇಲ್ಲ. ಹೂವಾಡುವ ಹೊತ್ತಿಗೆ ಮೋಡ ಕವಿದರೆ, ಮಂಜು ಬಿದ್ದರೆ ಹೂವು ಉದುರುತ್ತದೆ. ಕಾಯಿ ಕಟ್ಟುವಾಗ ಕಾಯಿಕೊರಕ ಹುಳ. ಔಷಧಿಗೂ ಬಗ್ಗದಿದ್ದಾಗ ನಮ್ಮ ಹೆಣ್ಣುಮಕ್ಕಳು ಗಿಡ ಹಿಡಿದು ಅಲ್ಲಾಡಿಸಿ, ಕೆಳಗೆ ಹಾಸಿದ ಚೀಲದ ಮೇಲೆ ಹುಳ ಬೀಳಿಸುತ್ತಾರೆ. ಸಾಲು ಸಾಲಾಗಿ, ಇಡೀ ಹೊಲ. ಬೆನ್ನು ಬಾಗಿಸಿ ಮಾಡುವ ಕೆಲಸ ಅದು. ಬಿದ್ದ ಹುಳ ಒಟ್ಟುಮಾಡಿ ಕೊಲ್ಲುತ್ತಾರೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಿ ಬಂದ ಮೇಲೆ ಕೊಯ್ಲು, ರಾಶಿ. ಒಂದು ಸಲ ಬಿತ್ತಿದ ಮೇಲೆ ದರ ಬೀಳುತ್ತದೆ ಎಂದು ಗೊತ್ತಾದರೂ ಬೆಳೆ ಬದಲಿಸಲು ಆಗುವುದಿಲ್ಲ. ಇಷ್ಟನ್ನೇ ತಾವು ನೆನಪಿಟ್ಟುಕೊಂಡರೆ ಸಾಕು.

ಆ ವರ್ಷ ಮಳೆಯೂ ಒಲಿಯಿತು. ಹಿಂದಿನ ವರ್ಷ ದೇಶದಲ್ಲಿ 25.6 ಲಕ್ಷ ಟನ್ ಇದ್ದ ತೊಗರಿ 2016-17ರಲ್ಲಿ 48.7 ಲಕ್ಷ ಟನ್ ಆಯಿತು. ಹೆಚ್ಚು ಕಡಿಮೆ ಎರಡು ಪಟ್ಟು. ಸರ್ಕಾರ ಕೇಳಿದ್ದನ್ನು ರೈತ ಒಂದೇ ವರ್ಷದಲ್ಲಿ ಮಾಡಿ ತೋರಿಸಿದ. 2017ರ ಜನವರಿಗೆ ಎಪಿಎಂಸಿ ಮಾರುಕಟ್ಟೆಯಲ್ಲಿ ದರ 5,050ಕ್ಕಿಂತ ಬಹಳ ಕೆಳಗೆ ಹೋಯಿತು. ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರುಗಳ ಸಾಲು. ನಾವು ಹೋದ ಕೇಂದ್ರದಲ್ಲಿ ಒಂದು ದಿನ ಗೋಣಿಚೀಲ ಇಲ್ಲ ಎಂದರು. ಮತ್ತೊಂದು ದಿನ ಕಾಳನ್ನು ಜರಡಿ ಹಿಡಿದು, ತೇವಾಂಶದ ಮೀಟರಿಗೆ ಹಾಕಿ, ಜಾಸ್ತಿ ಇದೆ, ಒಣಗಿಸಿ ತನ್ನಿ ಎಂದರು. ಬಾಡಿಗೆ ಟ್ರ್ಯಾಕ್ಟರ್, ಮಗಳ ಫೀಜು, ಸೊಸೈಟಿಯ ಸಾಲದ ಕಂತು, ಯಾವುದೂ ಒಣಗುವವರೆಗೆ ಕಾಯುವುದಿಲ್ಲ. ಅಕ್ಕಪಕ್ಕದವರ ಹಾಗೆ ನಾವೂ ಅರ್ಧ ಮಾಲು ಅಡತಿ (ದಲ್ಲಾಳಿ) ಅಂಗಡಿಗೆ ಸಿಕ್ಕ ದರಕ್ಕೆ ಕೊಟ್ಟು ಬಂದೆವು.

ಆಮದಿಗೆ ಮಿತಿ ಹಾಕಿದ್ದು 2017ರ ಆಗಸ್ಟಿನಲ್ಲಿ. ಅಷ್ಟು ಹೊತ್ತಿಗೆ ಸಣ್ಣ ರೈತರ ಮನೆಯಲ್ಲಿ ಒಂದು ಕಾಳೂ ಇರಲಿಲ್ಲ. ದರ ಏರಿದ್ದರೂ ಅದರ ಲಾಭ ಗೋದಾಮು ಇದ್ದವರಿಗೆ.

ಇದು ಒಂದು ವರ್ಷದ ಕಥೆ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. 2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಮಿತಿ ತೆಗೆದರು. ಆಮೇಲೆ ಸುಂಕವೂ ಹೋಯಿತು. ಮೊಜಾಂಬಿಕ್, ಮ್ಯಾನ್ಮಾರ್, ತಾಂಜಾನಿಯಾ, ಮಲಾವಿಯಿಂದ ತೊಗರಿ ಬರುತ್ತದೆ. ಈ ಸಡಿಲಿಕೆಯನ್ನು ವರ್ಷ ವರ್ಷ ಮುಂದುವರಿಸಿದರು. ಒಂದು ಸಲ ಅದನ್ನು 2026ರ ಮಾರ್ಚಿಗೆ ವಿಸ್ತರಿಸಿದ್ದು 2025ರ ಜನವರಿಯಲ್ಲಿ, ಸರಿಯಾಗಿ ನಮ್ಮ ರಾಶಿ ಎಪಿಎಂಸಿಗೆ ಬರುವ ತಿಂಗಳಲ್ಲಿ. ಆ ಸುಗ್ಗಿಯಲ್ಲಿ ದರ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಅದೇ 2025ರ ಅಕ್ಟೋಬರಿನಲ್ಲಿ ಸರ್ಕಾರ ಬೇಳೆಕಾಳಿನ ಸ್ವಾವಲಂಬನೆಗೆ 11,440 ಕೋಟಿ ರೂಪಾಯಿಯ ಮಿಷನ್ ತಂದಿತು. ತೊಗರಿ, ಉದ್ದು, ಮಸೂರ್ ಮುಖ್ಯ ಎಂದಿತು. ಒಳ್ಳೆಯ ಯೋಜನೆ. ಹೊಸ ಬೀಜ ಕೊಡುತ್ತೇವೆ, ಕೊಳ್ಳುತ್ತೇವೆ ಎಂದಿದ್ದಾರೆ, ಮನಸಾರೆ ಸ್ವಾಗತ. ಆದರೆ ಒಂದು ಬಾಗಿಲಲ್ಲಿ ಬೆಳೆಯಿರಿ ಎಂದು ಕರೆದು ಇನ್ನೊಂದು ಬಾಗಿಲಲ್ಲಿ ಸುಂಕವಿಲ್ಲದೆ ತರುತ್ತಿದ್ದರೆ, ಯಾವ ಮಾತನ್ನು ನಂಬಿ ಬಿತ್ತಬೇಕು?

ಎಣ್ಣೆಕಾಳಿನಲ್ಲಿ ಇದನ್ನು ನಾವು ಒಮ್ಮೆ ಕಂಡಿದ್ದೇವೆ. 1986ರಲ್ಲಿ ಎಣ್ಣೆಕಾಳಿನ ಮಿಷನ್ ಬಂತು. ತೊಂಬತ್ತರ ದಶಕದ ಶುರುವಿಗೆ ದೇಶ ಅಡುಗೆ ಎಣ್ಣೆಯಲ್ಲಿ ಹೆಚ್ಚು ಕಡಿಮೆ ತನ್ನ ಕಾಲ ಮೇಲೆ ನಿಂತಿತ್ತು. 1994ರಿಂದ ಆಮದು ಸಡಿಲವಾಯಿತು, ಶೇ 65 ಇದ್ದ ಸುಂಕ 1998ರ ಹೊತ್ತಿಗೆ ಶೇ 15ಕ್ಕೆ ಇಳಿಯಿತು. ಇವತ್ತು ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿಂದ ಬರುತ್ತದೆ. ಉತ್ತರ ಕರ್ನಾಟಕದ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟು ಇದ್ದ ಸೂರ್ಯಕಾಂತಿ ಈಗ ಹುಡುಕಬೇಕು. ವಿಜ್ಞಾನಿಗಳು ವರ್ಷಗಟ್ಟಲೆ ಕಟ್ಟಿದ್ದನ್ನು ಸುಂಕದ ಒಂದು ಆದೇಶ ಸದ್ದಿಲ್ಲದೆ ಕೆಡವಿತು. ಆ ಆದೇಶ ಹೊರಟದ್ದು ಕೃಷಿ ಸಚಿವಾಲಯದಿಂದ ಅಲ್ಲ.

ಆಮದೇ ಬೇಡ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಕೂಲಿ ಮಾಡುವವರಲ್ಲಿ ನಮ್ಮ ಜಿಲ್ಲೆಯವರೇ ಎಷ್ಟೋ ಜನ. ಬೇಳೆ 200 ರೂಪಾಯಿ ಆದರೆ ಅವರ ಮನೆಯ ಸಾರು ನೀರಾಗುತ್ತದೆ. 2022ರ ಹಾಗೆ ನೆಟೆ ರೋಗಕ್ಕೆ ಹೊಲಕ್ಕೆ ಹೊಲವೇ ಒಣಗಿ ನಿಂತ ವರ್ಷ ಹೊರಗಿಂದ ತರಬೇಕಾಗುತ್ತದೆ, ತರಲಿ. ಗ್ರಾಹಕರ ಪರ ಮಾತಾಡಲು ಗ್ರಾಹಕ ವ್ಯವಹಾರಗಳ ಸಚಿವಾಲಯ ಇದೆ. ವ್ಯಾಪಾರದ ಪರ ವಾಣಿಜ್ಯ ಸಚಿವಾಲಯ ಇದೆ. ಅವರು ತಮ್ಮ ಕೆಲಸ ಮಾಡುತ್ತಾರೆ, ತಪ್ಪಲ್ಲ. ಬೆಳೆಯುವವನ ಪರ ಆ ಕೋಣೆಯಲ್ಲಿ ಮಾತಾಡಬೇಕಾದವರು ತಾವು. ತಾವು ಏನು ಮಾತಾಡಿದಿರಿ ಎನ್ನುವುದು ಮಾತ್ರ ನಮಗೆ ಕೇಳಿಸುವುದೇ ಇಲ್ಲ.

ವ್ಯಾಪಾರ ನಮ್ಮ ಖಾತೆಗೆ ಬರುವುದಿಲ್ಲ ಎನ್ನುವ ಉತ್ತರ ಬರಬಹುದು. 2020ರ ಕೃಷಿ ಕಾಯ್ದೆಗಳು ನೆನಪಿವೆಯಲ್ಲ. ಆಹಾರ ಪದಾರ್ಥಗಳ ವ್ಯಾಪಾರ ಸಂವಿಧಾನದ ಸಮವರ್ತಿ ಪಟ್ಟಿಯ, ಅಂದರೆ ಕೇಂದ್ರವೂ ರಾಜ್ಯವೂ ಕಾಯ್ದೆ ಮಾಡಬಹುದಾದ ವಿಷಯಗಳ ಪಟ್ಟಿಯ, 33ನೇ ನಮೂದಿನಲ್ಲಿ ಇದೆ ಎಂಬ ಆಧಾರದ ಮೇಲೆಯೇ ಅವು ಬಂದದ್ದು. ಅವು ಸರಿಯೋ ತಪ್ಪೋ ಎನ್ನುವ ಚರ್ಚೆ ಇಲ್ಲಿ ಬೇಡ. ಬಿತ್ತುವವರನ್ನು ಮುಂಚೆ ಕೇಳದೆ ತಂದದ್ದರಿಂದ ಒಂದು ವರ್ಷಕ್ಕೂ ಮೀರಿ ರೈತರು ದೆಹಲಿಯ ಗಡಿಯಲ್ಲಿ ಚಳಿ, ಬಿಸಿಲಲ್ಲಿ ಕೂತರು. 2021ರ ನವೆಂಬರಿನಲ್ಲಿ ಕಾಯ್ದೆ ಹಿಂದೆ ಹೋದವು. ಮುಂಚೆ ಹೇಳುವುದು, ಮುಂಚೆ ಕೇಳುವುದು ಎಷ್ಟು ದೊಡ್ಡ ಕೆಲಸ ಎನ್ನುವುದು ಅಲ್ಲೇ ಗೊತ್ತಾಯಿತು. ಎಪಿಎಂಸಿಯ ಹೊರಗಿನ ವ್ಯಾಪಾರದ ಬಗ್ಗೆ ಕಾಯ್ದೆ ಮಾಡಲು ಅಧಿಕಾರ ಇರುವ ಸರ್ಕಾರಕ್ಕೆ, ಬಂದರಿನಲ್ಲಿ ಇಳಿಯುವ ತೊಗರಿಯ ಬಗ್ಗೆ ತನ್ನ ಕೃಷಿ ಸಚಿವಾಲಯದ ಒಂದು ಪುಟದ ಅಭಿಪ್ರಾಯ ಹೊರಗೆ ಇಡಲು ಯಾವ ಅಡ್ಡಿಯೂ ಇರಬಾರದು.

ನಾನು ಕೇಳುವುದು ಹೇಗೆ ನಡೆಯಬಹುದು ಎಂದೂ ಹೇಳುತ್ತೇನೆ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ತಮ್ಮ ಸಚಿವಾಲಯದ್ದೇ. 1965ರಲ್ಲಿ ಹುಟ್ಟಿದ ಆಯೋಗವೇ 1985ರಲ್ಲಿ ಈ ಹೆಸರು ಪಡೆಯಿತು. ಅದು ಪ್ರತಿ ಹಂಗಾಮಿಗೆ ಬೆಲೆ ಶಿಫಾರಸು ಮಾಡುವಾಗ ಆಮದು ಸುಂಕ, ದಾಸ್ತಾನು, ವಿದೇಶಿ ದರದ ಬಗ್ಗೆಯೂ ಬರೆಯುತ್ತದೆ. ಒಳ್ಳೆಯ ಕೆಲಸ, ಶ್ರದ್ಧೆಯ ಕೆಲಸ. ಬೆಂಬಲ ಬೆಲೆ ಮಾತ್ರ ಪೇಪರಿನಲ್ಲಿ ದೊಡ್ಡದಾಗಿ ಬರುತ್ತದೆ. ಸುಂಕದ ಬಗ್ಗೆ ಅದು ಹೇಳಿದ್ದು ವರದಿಯ ಒಳಗೇ ಉಳಿಯುತ್ತದೆ, ಅದೂ ಇಂಗ್ಲಿಷ್, ಹಿಂದಿಯಲ್ಲಿ. ಬೆಂಬಲ ಬೆಲೆ ಪ್ರಕಟಿಸುವ ದಿನವೇ ಆಯಾ ಬೆಳೆಗೆ ಒಂದು ಪುಟ ಹೊರಡಿಸಿ. ಈ ವರ್ಷ ದೇಶಕ್ಕೆ ಎಷ್ಟು ತೊಗರಿ ಬೇಕು, ಕೈಯಲ್ಲಿ ಎಷ್ಟು ದಾಸ್ತಾನು ಇದೆ, ಹೊರದೇಶಗಳ ಜೊತೆ ಎಷ್ಟಕ್ಕೆ ಒಪ್ಪಂದ ಆಗಿದೆ, ಸುಂಕ ಎಷ್ಟಿರಬೇಕು ಎಂದು ಸಚಿವಾಲಯ ಹೇಳಿದೆ. ಇಷ್ಟೇ ಇರಲಿ. ಅದು ಕನ್ನಡದಲ್ಲಿ ನಮ್ಮ ರೈತ ಸಂಪರ್ಕ ಕೇಂದ್ರದ ಗೋಡೆಗೆ ರೋಹಿಣಿ ಮಳೆ ಮುಗಿಯುವ ಮುಂಚೆ ಬರಲಿ. ಆಮೇಲೆ ನಡುವಿನಲ್ಲಿ ಆಮದು ನೀತಿ ಬದಲಿಸಲೇಬೇಕಾದರೆ, ತಾವು ಒಪ್ಪಿದಿರಾ, ಒಪ್ಪದಿದ್ದರೆ ಯಾಕೆ, ಅದೂ ಒಂದು ಪುಟ.

ತಮ್ಮ ಅಭಿಪ್ರಾಯವನ್ನು ಸಂಪುಟ ಒಪ್ಪಲೇಬೇಕು ಎಂದು ನಾನು ಕೇಳುತ್ತಿಲ್ಲ. ಬೆಲೆ ಏರಿದರೆ ಸರ್ಕಾರ ಸುಮ್ನೆ ಕೂರಲು ಆಗುವುದಿಲ್ಲ ಎನ್ನುವುದು ಅರ್ಥವಾಗುತ್ತದೆ. ನಮ್ಮ ಪರ ಒಂದು ಮಾತು ದಾಖಲೆಯಲ್ಲಿ ಇದ್ದರೆ, ಅದನ್ನು ಹಿಡಿದು ನಾವು ನಮ್ಮ ಸಂಸದರನ್ನು ಕೇಳುತ್ತೇವೆ, ರಾಜ್ಯ ಸರ್ಕಾರವನ್ನು ಕೇಳುತ್ತೇವೆ. ಎರಡು ಎಕರೆಯಲ್ಲಿ ಅರ್ಧ ತೊಗರಿ, ಅರ್ಧ ಸೋಯಾ ಹಾಕೋಣವೋ, ಹೆಸರು ತೆಗೆದು ಹಿಂಗಾರಿಗೆ ಜೋಳ ಬಿತ್ತೋಣವೋ ಎಂದು ಮನೆಯಲ್ಲಿ ಕೂತು ಲೆಕ್ಕ ಹಾಕುತ್ತೇವೆ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿ ಸರಾಸರಿ 1.08 ಹೆಕ್ಟೇರ್, ಹಿಡುವಳಿದಾರರಲ್ಲಿ ಶೇ 86 ಸಣ್ಣವರು, ಅತಿ ಸಣ್ಣವರು. ಇಷ್ಟು ಸಣ್ಣ ಹೊಲದಲ್ಲಿ ಒಂದು ತಪ್ಪು ಬಿತ್ತನೆಯ ಸಾಲ ತೀರಲು ಎರಡು ಮೂರು ಸುಗ್ಗಿ ಬೇಕು.

ಮುಂಗಾರಿನ ಬೆಂಬಲ ಬೆಲೆ ಮೇ ಕೊನೆಗೋ ಜೂನಿಗೋ ಪ್ರಕಟವಾಗುತ್ತದೆ. ಮುಂದಿನ ಪ್ರಕಟಣೆಯ ಜೊತೆಗೆ ತೊಗರಿಯ ಆ ಒಂದು ಪುಟವನ್ನೂ ಇಡಿ. ಮೊದಲ ವರ್ಷ ತೊಗರಿ ಒಂದಕ್ಕೆ ಮಾಡಿದರೂ ಆಗುತ್ತದೆ, ಮಿಷನ್ ಹೇಗೂ ನಡೆಯುತ್ತಿದೆ. ಉತ್ತರವನ್ನು ನನಗೊಬ್ಬನಿಗೆ ಬರೆಯುವುದು ಬೇಡ. ಬಿತ್ತನೆ ಬೀಜಕ್ಕೆ ಸಾಲು ನಿಲ್ಲುವ ದಿನ ನಾವೆಲ್ಲ ರೈತ ಸಂಪರ್ಕ ಕೇಂದ್ರದಲ್ಲೇ ಇರುತ್ತೇವೆ, ಅಲ್ಲಿ ಅಂಟಿಸಿದರೆ ಓದಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಲಬುರಗಿ ಜಿಲ್ಲೆಯ ಒಬ್ಬ ತೊಗರಿ ಬೆಳೆಗಾರ